ಇಲ್ಲದ ಬೋಲ್ಟನ್ನು ತಿರುಗಿಸಿದ್ದಕ್ಕೆ ನಾನು ಕೊಟ್ಟ 3,600 ರೂಪಾಯಿ

ಕನಕಪುರ ರಸ್ತೆಯಲ್ಲಿ ಮಳೆನೀರು ತುಂಬಿದ್ದ ಗುಂಡಿಗೆ ನಮ್ಮ ಕ್ರಾಸ್‌ಓವರ್ ಕಾರಿನ ಹಿಂಬದಿಯ ಎಡ ಚಕ್ರ ಬಿದ್ದ ಮೇಲೆ, ನೇರ ರಸ್ತೆಯಲ್ಲೂ ಸ್ಟೀರಿಂಗ್ ಓರೆಯಾಗಿಯೇ ನಿಲ್ಲತೊಡಗಿತು. ಹೊಸದಾಗಿ ತೆರೆದಿದ್ದ, ಗಾಜಿನ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡುವ ಟೈರ್ ಅಂಗಡಿಯೊಂದಕ್ಕೆ ಹೋದೆ. ಹಳೆಯ ಮೆಕ್ಯಾನಿಕ್ಕನ್ನು ಬಿಟ್ಟು ಅಲ್ಲಿಗೆ ಹೋದದ್ದೇ ನನ್ನ ತಪ್ಪು.

ವೀಲ್ ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲೆ ಹಿಂದಿನ ಎಡ ಚಕ್ರದ ಟೋ, ಅಂದರೆ ಮೇಲಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಂಪು ಬಣ್ಣದಲ್ಲಿತ್ತು. "ಸರ್, ಎಸ್‌ಯುವಿ ಅಲ್ವಾ, ಮುಂದಿಂದು ಮಾತ್ರ ಮಾಡಿದ್ರೆ ನಿಲ್ಲಲ್ಲ. ಹಿಂದಿಂದೂ ಅಡ್ಜಸ್ಟ್ ಮಾಡ್ಬೇಕು, ಒಂದು ಚಕ್ರಕ್ಕೆ 1,800" ಎಂದರು. ಎರಡಕ್ಕೂ ಕೊಟ್ಟೆ. ಅರ್ಧ ಗಂಟೆಯಲ್ಲಿ ಎಲ್ಲ ಅಂಕಿಗಳೂ ಹಸಿರಾಗಿದ್ದ ಹಾಳೆ ಕೈಗೆ ಬಂತು, ಸ್ಟೀರಿಂಗೂ ನೇರವಾಗಿತ್ತು, ನಾನು ಧನ್ಯವಾದ ಬೇರೆ ಹೇಳಿ ಬಂದೆ.

4,000 ಕಿಲೋಮೀಟರ್ ಆಗುವಷ್ಟರಲ್ಲಿ ಅದೇ ಎಡ ಟೈರಿನ ಅಂಚು ಗರಗಸದ ಹಲ್ಲಿನಂತೆ ಸವೆದಿತ್ತು. ಚಾಮರಾಜಪೇಟೆಯ ನಮ್ಮ ಹಳೆಯ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೇರಿಸಿ, ನನ್ನನ್ನು ಕೆಳಗೆ ಕರೆದು, "ಎಲ್ಲಿ ತಿರುಗಿಸಿದ್ರಂತೆ, ತೋರಿಸಿ ಸರ್" ಎಂದರು. ತೋರಿಸಲು ಅಲ್ಲಿ ಏನೂ ಇರಲಿಲ್ಲ. ನಮ್ಮ ಕಾರಿನ ಹಿಂಬದಿಯಲ್ಲಿರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಹಿಂಚಕ್ರಗಳನ್ನು ಜೋಡಿಸುವ ಒಂದೇ ಉಕ್ಕಿನ ತೊಲೆ. ಅದರ ತುದಿಗೆ ಚಕ್ರ ಕೂರುವ ಹಬ್ ಅನ್ನು ಬಿಗಿದಿರುತ್ತಾರೆಯೇ ಹೊರತು ಟೋ ಹೊಂದಿಸಲು ಯಾವ ಬೋಲ್ಟೂ ಇರುವುದಿಲ್ಲ. ಸರಿಪಡಿಸಬೇಕಾದರೆ ನಡುವೆ ಶಿಮ್ ಎಂಬ ತೆಳು ಬಿಲ್ಲೆ ಹಾಕಬೇಕು, ಬೀಮ್ ಬಾಗಿದ್ದರೆ ಅದನ್ನೇ ಬದಲಿಸಬೇಕು. ಮುಂದಿನ ಚಕ್ರಗಳನ್ನು ಹಿಂದಿನ ಓರೆಗೆ ಹೊಂದಿಸಿಬಿಟ್ಟರೆ ಸ್ಟೀರಿಂಗ್ ನೇರವಾಗಿ ಕಾಣುತ್ತದೆ. ನಾನು ಮರುಳಾದದ್ದು ಅದಕ್ಕೇ.

ಮನೆಗೆ ಬಂದು, ಅಂಗಡಿಯವರು ಕೊಟ್ಟಿದ್ದ ಕೆಲಸಕ್ಕೆ ಮುಂಚಿನ ಮತ್ತು ನಂತರದ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮೈಯೆಲ್ಲ ಉರಿಯಿತು. ಹಿಂದಿನ ಎಡ ಟೋ ಮೊದಲ ಹಾಳೆಯಲ್ಲಿ 0°31′, ಎರಡನೆಯದರಲ್ಲೂ 0°31′. ಅಂಕಿ ಅದೇ, ಬಣ್ಣ ಮಾತ್ರ ಬೇರೆ! ಎರಡನೆಯ ಹಾಳೆಯ ತಲೆಯಲ್ಲಿದ್ದದ್ದು ನಮ್ಮ ಕಾರಿನ ಹೆಸರೇ ಅಲ್ಲ. ಹೆಚ್ಚು ಸಡಿಲ ಮಿತಿಯಿರುವ ಬೇರೊಂದು ಮಾದರಿಯನ್ನು ಆರಿಸಿ ಮುದ್ರಿಸಿದ್ದರು. ನಾಲ್ಕು ತಿಂಗಳು ಆ ಹಾಳೆ ನನ್ನ ಕಾರಿನಲ್ಲೇ ಇತ್ತು, ನಾನು ಓದಿರಲಿಲ್ಲ.

ಫೋನ್ ಮಾಡಿದೆ. ಮೊದಲು "ಸಾಫ್ಟ್‌ವೇರ್ ಪ್ರಾಬ್ಲಂ ಇರುತ್ತೆ ಸರ್" ಎಂದರು. ಆಮೇಲೆ "ನಿಮ್ ಮೆಕ್ಯಾನಿಕ್‌ಗೆ ಹೊಸ ಗಾಡಿ ಗೊತ್ತಿಲ್ಲ" ಎಂದರು. ಆಮೇಲೆ "ಮತ್ತೆಲ್ಲೋ ಗುಂಡಿಗೆ ಇಳಿಸಿರ್ತೀರ" ಎಂದರು. ತಿರುಗಿಸಿದ ಬೋಲ್ಟಿನ ಒಂದು ಫೋಟೋ ಕಳಿಸಿ, ನಾನೇ ಬಂದು ಕ್ಷಮೆ ಕೇಳುತ್ತೇನೆ ಎಂದಾಗ ಬಂದ ಉತ್ತರ: "ಆ ಹುಡುಗ ಊರಿಗೆ ಹೋಗಿದಾನೆ ಸರ್."

ಹಿಂದಿನ ಚಕ್ರಕ್ಕೆಂದು ಯಾರಾದರೂ ಹೆಚ್ಚು ಹಣ ಕೇಳಿದರೆ, ಕೊಡುವ ಮೊದಲು ಕಾರಿನ ಕೆಳಗೆ ನಿಂತು ಆ ಬೋಲ್ಟನ್ನು ತೋರಿಸಲು ಹೇಳಿ. ಪ್ರತಿ ಚಕ್ರವನ್ನೂ ಬೇರೆ ಬೇರೆ ತೋಳುಗಳು ಹಿಡಿದಿಡುವ ಮಲ್ಟಿಲಿಂಕ್ ಸಸ್ಪೆನ್ಷನ್ ಇರುವ ಅನೇಕ ಗಾಡಿಗಳಲ್ಲಿ ಅದು ನಿಜವಾಗಿಯೂ ಇರುತ್ತದೆ, ಅಲ್ಲಿ ಹಣ ಕೊಡುವುದು ನ್ಯಾಯವೇ. ಹಾಳೆಯ ಮೇಲಿನ ಗಾಡಿಯ ಹೆಸರನ್ನೂ ಅಲ್ಲೇ ಓದಿ. ಕಾಫಿ ಆಮೇಲೆ ಕುಡಿಯಬಹುದು.

ನನ್ನ ಹಣ ವಾಪಸ್ ಬಂದಿಲ್ಲ. ಮುಂದಿನ ಸಲ ಬಂದರೆ ಬ್ಯಾಲೆನ್ಸಿಂಗ್ ಉಚಿತವಂತೆ.