9 ತಿಂಗಳ ಮಗುಗೆ ವೈಟ್ ನಾಯ್ಸ್ ಮಷೀನ್: 5ಕ್ಕೆ 3 ಸ್ಟಾರ್

ಮಗಳು ಚೆನ್ನಾಗೇ ಮಲಗ್ತಿದ್ಲು, 9 ತಿಂಗಳು ತುಂಬಿದ್ದೇ ತಡ ರಾತ್ರಿ 2 ಗಂಟೆಗೆ ಎದ್ದು ಕ್ರಿಬ್ ಕಂಬಿ ಹಿಡ್ಕೊಂಡು ನಿಂತು ಒಂದೇ ಸಮ ಅಳೋದು, ಪಾಪ ನಿಲ್ಲೋಕೆ ಕಲ್ತಿದಾಳೆ, ವಾಪಸ್ ಕೂರೋದು ಹೇಗೆ ಅಂತ ಗೊತ್ತಿಲ್ಲ! ಅದಕ್ಕೇ ನಿದ್ದೆ ಬರ್ಲಿ ಅಂತ ಒಂದೇ ಸಮ ಮಳೆ, ಫ್ಯಾನ್ ಥರ ಸದ್ದು ಮಾಡೋ ಈ ಮಷೀನ್ ತರಿಸಿದ್ದು.

ಮಳೆ ಸೌಂಡ್ ಪರ್ವಾಗಿಲ್ಲ, ಫ್ಯಾನ್ ಸೌಂಡ್ ಸೂಪರ್, ಹಕ್ಕಿ ಸೌಂಡ್ ಮಾತ್ರ ಹಾಕ್ಬೇಡಿ, ಆಟ ಆಡೋಕೆ ಎದ್ದು ಕೂರ್ತಾಳೆ. ದೊಡ್ಡ ತಲೆನೋವು ಟೈಮರ್. 60 ನಿಮಿಷಕ್ಕೆ ಟಿಕ್ ಅಂತ ಆಫ್ ಆಗತ್ತೆ, ಆ ಟಿಕ್‌ಗೇ ಕಣ್ಣು ಬಿಡ್ತಾಳೆ ನಮ್ಮಮ್ಮಣ್ಣಿ. ನೀಲಿ ಲೈಟ್ ಬೇರೆ ಕಣ್ಣಿಗೆ ಹೊಡಿಯತ್ತೆ, ಮೇಲೆ ಟೇಪ್ ಅಂಟಿಸಿದೀನಿ. ವಾಲ್ಯೂಮ್ ಫುಲ್ ಇಡ್ಬೇಡಿ, 50 ಡೆಸಿಬಲ್ ದಾಟ್ಬಾರ್ದು, ಮಗುವಿಂದ 2 ಮೀಟರ್ ಆದ್ರೂ ದೂರ ಇರ್ಲಿ.

ಬೇಗ ನಿದ್ದೆ ಹತ್ತತ್ತೆ ನಿಜ, ಆದ್ರೆ ಮಧ್ಯರಾತ್ರಿ ಏಳೋದು ಇದ್ರಿಂದ ನಿಂತಿಲ್ಲ, ಅಮ್ಮ ಕಣ್ಮರೆಯಾದ್ರೆ ಗಾಬರಿ ಬೀಳೋ ವಯಸ್ಸು ಅಲ್ವಾ. ಹಗಲೊತ್ತು ನಿಂತು ಕೂರೋದನ್ನ ಹತ್ತಾರು ಸಲ ಪ್ರಾಕ್ಟೀಸ್ ಮಾಡಿಸಿದ್ದು, ಮೂರು ನ್ಯಾಪ್‌ನ ಎರಡಕ್ಕೆ ಇಳಿಸಿದ್ದು, ಅದೇ ಜಾಸ್ತಿ ಕೆಲ್ಸ ಮಾಡಿದ್ದು. ಟೈಮರ್ ಇಲ್ದೆ ರಾತ್ರಿಯೆಲ್ಲಾ ಓಡೋ ಮಾಡೆಲ್ ಸಿಕ್ರೆ ಅದನ್ನೇ ತಗೊಳ್ಳಿ.