ಮಡಿಕೇರಿಯ ರಕ್ತನಿಧಿ: ದೇವರನ್ನು ನಂಬದವಳೊಬ್ಬಳ ಅನುಭವ ಮತ್ತು ಅಭಿಪ್ರಾಯ

ದೇವಸ್ಥಾನಕ್ಕೆ ಹೋಗದ, ಹರಕೆ ಹೊರದ, ಆದರೂ ಊರಿಗೆ ಏನಾದರೂ ಮಾಡಬೇಕು ಅನ್ನುವ ಆಸೆ ಇರುವವರು ನಮ್ಮ ಕೊಡಗಿನಲ್ಲೂ ಇದ್ದಾರೆ. ಎಲ್ಲಿಗೆ ಹೋಗಬೇಕು, ಯಾರ ಜೊತೆ ಸೇರಬೇಕು ಅಂತ ಗೊತ್ತಾಗದೆ ಸುಮ್ನೆ ಇದ್ದುಬಿಡುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲವು ವರ್ಷಗಳಿಂದ ನಾನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ರಕ್ತನಿಧಿಗೆ ಹೋಗಿ ರಕ್ತ ಕೊಡುತ್ತಿದ್ದೇನೆ. ಊರಿನ ಶಿಬಿರಗಳಲ್ಲೂ ಕೊಟ್ಟಿದ್ದೇನೆ. ಎರಡನ್ನೂ ನೋಡಿದ ಮೇಲೆ ಹೇಳುವುದು ಇಷ್ಟೇ: ಶಿಬಿರಕ್ಕಾಗಿ ಕಾಯಬೇಡಿ, ನೇರ ರಕ್ತನಿಧಿಗೇ ಹೋಗಿ. ಅದರಲ್ಲೂ ಯಾರೂ ಹೋಗದ ದಿನಗಳಲ್ಲಿ ಹೋಗಿ.

ನಾನು ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವವಳು. ನಮ್ಮಪ್ಪ ದೇವರ ಕೋಣೆಗೆ ಕಾಲಿಡುತ್ತಿರಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರಲ್ಲ, ಆ ಸುದ್ದಿಯ ಪೇಪರ್ ಕಟಿಂಗ್ ಅಪ್ಪನ ಟ್ರಂಕಿನಲ್ಲಿ ಕೊನೆಯವರೆಗೂ ಇತ್ತು. ಪ್ರಶ್ನೆ ಕೇಳುವುದು ನನಗೆ ಅವರಿಂದಲೇ ಬಂತು. ಊರಿನವರ ಜೊತೆ ನನಗೆ ಜಗಳ ಇಲ್ಲ. ತುಲಾ ಸಂಕ್ರಮಣಕ್ಕೆ ಪಕ್ಕದ ಮನೆಯವರು ತಲಕಾವೇರಿಯಿಂದ ತೀರ್ಥ ತಂದುಕೊಟ್ಟರೆ ಎರಡು ಕೈಯಲ್ಲಿ ಇಸ್ಕೊಂಡು ಅತ್ತೆಗೆ ಕೊಡುತ್ತೇನೆ. ಅತ್ತೆಗೆ ಅದರಿಂದ ಆಗುವ ಸಂತೋಷ ನಿಜವಾದದ್ದು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಕುಸಿದು, ಇತ್ತ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ಪರಿಹಾರ ಕೇಂದ್ರವೊಂದರಲ್ಲಿ ಬಟ್ಟೆ ವಿಂಗಡಿಸುವ ಕೆಲಸಕ್ಕೆ ನಿಂತಿದ್ದೆ. ದೇವಸ್ಥಾನದ ಸಮಿತಿಯವರು, ಚರ್ಚಿನವರು, ಮಸೀದಿಯವರು ಎಲ್ಲರೂ ಬಂದಿದ್ದರು. ಹಗಲು ರಾತ್ರಿ ದುಡಿದರು, ಅದನ್ನು ಮರೆಯುವ ಹಾಗಿಲ್ಲ. ಆದರೆ ಅಲ್ಲಿ ಪದೇ ಪದೇ ಬಂದ ಪ್ರಶ್ನೆ ಒಂದೇ. "ನೀವು ಯಾವ ಸಂಘದವರು ಅಕ್ಕ?" ಯಾವ ಸಂಘದವಳೂ ಅಲ್ಲ ಅಂದರೆ ಕೇಳಿದವರಿಗೇ ಮುಜುಗರ. ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಏನಾದರೂ ಬರೆಯಲೇಬೇಕಿತ್ತು, ನನ್ನದಕ್ಕೆ ಒಂದು ಗೆರೆ ಎಳೆದರು. ನೀರು ಇಳಿಯಿತು, ಕೇಂದ್ರಗಳು ಮುಚ್ಚಿದವು. ಸಂಘದವರು ತಮ್ಮ ತಮ್ಮ ಸಂಘಕ್ಕೆ ವಾಪಸ್ ಹೋದರು. ಸಂಘ ಇಲ್ಲದವರಿಗೆ ಮುಂದಿನ ಕೆಲಸ ಎಲ್ಲಿದೆ ಅಂತ ಹೇಳುವವರು ಯಾರೂ ಇರಲಿಲ್ಲ. ಆಗ ಹೊಳೆದದ್ದು ರಕ್ತದಾನ.

ಈಗ ಸೇವೆಯ ವಿಷಯಕ್ಕೆ ಬರೋಣ. ಕುಶಾಲನಗರದಿಂದ ಗುಡ್ಡೆಹೊಸೂರು, ಸುಂಟಿಕೊಪ್ಪ, ಬೋಯಿಕೇರಿ ದಾಟಿ ಮಡಿಕೇರಿಗೆ ಸುಮಾರು ಮೂವತ್ತು ಕಿಲೋಮೀಟರ್. ಬಸ್ಸಿಗೆ ಬರಗಾಲ ಇಲ್ಲ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ, ಶಿಬಿರಕ್ಕೆ ಸಿಬ್ಬಂದಿ ಹೊರಗೆ ಹೋಗಿರುವ ದಿನ ಹೋದರೆ ಕಾಯಬೇಕಾಗುತ್ತದೆ.

ಮೊದಲು ಫಾರ್ಮ್ ತುಂಬಿಸುತ್ತಾರೆ. ಹೆಸರು, ವಯಸ್ಸು, ವಿಳಾಸ, ಹಿಂದೆ ಯಾವಾಗ ಕೊಟ್ಟಿದ್ದು. ಆಮೇಲೆ ಪ್ರಶ್ನೆಗಳ ಪಟ್ಟಿ. ಕಾಮಾಲೆ ಬಂದಿತ್ತಾ? ಮಲೇರಿಯಾ? ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದೀರಾ? ಯಾವ ಮಾತ್ರೆ ತಗೊಳ್ತೀರಿ? ನಿನ್ನೆ ರಾತ್ರಿ ಸರಿ ನಿದ್ದೆ ಆಯ್ತಾ? ಹೆಂಗಸರಿಗೆ ಮುಟ್ಟು, ಬಸಿರು, ಎದೆಹಾಲಿನ ಬಗ್ಗೆಯೂ ಕೇಳುತ್ತಾರೆ. ನಾನು ತುಂಬಿದ ಫಾರ್ಮಿನಲ್ಲಿ ಜಾತಿಯ ಕಾಲಂ ಇರಲಿಲ್ಲ, ಧರ್ಮದ ಕಾಲಂ ಇರಲಿಲ್ಲ, ಯಾವ ಸಂಘ ಅನ್ನುವುದೂ ಇರಲಿಲ್ಲ. ಅವರಿಗೆ ಬೇಕಾಗಿರುವುದು ನನ್ನ ಮೈಯ ಬಗ್ಗೆ ನಿಜ, ಅಷ್ಟೇ. ಇದು ನನಗೆ ಎಷ್ಟು ಇಷ್ಟವಾಯಿತು ಅಂತ ಹೇಳಿದರೆ ಕೆಲವರಿಗೆ ಅರ್ಥವಾಗಲಿಕ್ಕಿಲ್ಲ. ಪ್ರತಿ ಸಮಾರಂಭದಲ್ಲೂ ಆರತಿಯ ಹೊತ್ತಿಗೆ ಹಿಂದಕ್ಕೆ ಸರಿದು ನಿಲ್ಲುವವರಿಗೆ ಖಂಡಿತ ಆಗುತ್ತದೆ.

18 ತುಂಬಿರಬೇಕು, 65 ದಾಟಿರಬಾರದು. ತೂಕ ಕನಿಷ್ಠ 45 ಕಿಲೋ. ಮಾಮೂಲಿಯಾಗಿ 350 ಮಿಲಿಲೀಟರ್ ತೆಗೆಯುತ್ತಾರೆ, 55 ಕಿಲೋಗಿಂತ ಜಾಸ್ತಿ ಇರುವವರಿಂದ 450 ತೆಗೆಯಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಇನ್ನು ಹಿಮೋಗ್ಲೋಬಿನ್ 12.5 ಇರಲೇಬೇಕು. ನಮ್ಮ ಹೆಂಗಸರಲ್ಲಿ ಎಷ್ಟೋ ಜನ ವಾಪಸ್ ಬರುವುದು ಇಲ್ಲೇ.

ಒಂದು ಶಿಬಿರದಲ್ಲಿ ನನಗೂ ಹಾಗೇ ಆಯಿತು. ಅಲ್ಲಿ ಗಾಜಿನ ಲೋಟದಲ್ಲಿ ನೀಲಿ ದ್ರಾವಣ ಇಟ್ಟಿದ್ದರು. ಮೈಲುತುತ್ತಿನ ನೀರು. ಮಳೆಗೆ ಮೊದಲು ಸುಣ್ಣ ಬೆರೆಸಿ ಕಾಫಿಗೆ, ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಅದರೊಳಗೆ ಬಿಟ್ಟರು. ಹಿಮೋಗ್ಲೋಬಿನ್ ಸಾಕಷ್ಟಿದ್ದರೆ ಹನಿ ಭಾರವಾಗಿ ನೇರ ತಳಕ್ಕೆ ಹೋಗುತ್ತದೆ. ನನ್ನ ಹನಿ ಸ್ವಲ್ಪ ಇಳಿಯಿತು, ನಡುವೆ ನಿಂತಿತು, ಮೆಲ್ಲ ಮೇಲಕ್ಕೆ ಬಂತು. "ಈ ಸಲ ಬೇಡ ಅಕ್ಕ, ನಿಮಗೇ ಕಡಿಮೆ ಇದೆ" ಅಂದರು ಟೆಕ್ನೀಷಿಯನ್ ಹುಡುಗಿ. ಅಷ್ಟು ಹೇಳಿ ಕಳಿಸಬಹುದಿತ್ತು. ಆದರೆ ಸಾಲು ಉದ್ದ ಇದ್ದರೂ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಒಂದು ವಿಷಯ ಕೇಳಿದರು. "ಊಟ ಆದ ಕೂಡಲೇ ಕಾಫಿ ಕುಡೀತೀರಾ?" ಕೊಡಗಿನವರನ್ನು ಇದನ್ನು ಕೇಳುವುದೇ ಬೇಡ ಅಲ್ವಾ? ಬೆಳಿಗ್ಗೆ ಅಕ್ಕಿರೊಟ್ಟಿ ಜೊತೆ ಬೆಲ್ಲದ ಕಾಫಿ, ಮಧ್ಯಾಹ್ನ ಊಟದ ಬೆನ್ನಿಗೇ ಇನ್ನೊಂದು. ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತದ ಹಾಗೆ ಕಾಫಿ, ಟೀ ತಡೆಯುತ್ತವೆ, ಊಟಕ್ಕೂ ಕಾಫಿಗೂ ಒಂದೆರಡು ಗಂಟೆ ಅಂತರ ಇಡಿ ಅಂದರು. ನುಗ್ಗೆಸೊಪ್ಪು, ಹುರುಳಿ, ಮಾಂಸ ತಿನ್ನುವವರಾದರೆ ಮಾಂಸ, ಜೊತೆಗೆ ನಿಂಬೆರಸ. ವೈದ್ಯರ ಹತ್ತಿರ ಕೇಳಿ ಕಬ್ಬಿಣದ ಮಾತ್ರೆ. ಅದೇ ಪ್ರಕಾರ ನಡೆದೆ, ಹಿಮೋಗ್ಲೋಬಿನ್ ಏರಿತು. ನಮ್ಮ ವರ್ಕ್ಸ್‌ನಲ್ಲಿ ಕಾಳು ಆರಿಸುವ ಹೆಂಗಸರಿಗೂ ಈ ಮಾತು ಹೇಳಿದ್ದೇನೆ. ರಕ್ತ ಕೊಡಲಿ ಬಿಡಲಿ, ಅವರ ಆರೋಗ್ಯಕ್ಕೂ ಬೇಕಾದ ಮಾತು ಅದು.

ರಕ್ತನಿಧಿಯಲ್ಲಿ ರಕ್ತ ತೆಗೆಯುವ ಕೆಲಸ ಐದರಿಂದ ಹತ್ತು ನಿಮಿಷದ್ದು. ಮೊಣಕೈ ಸಂದಿಯಲ್ಲಿ ಸೂಜಿ ಹೋಗುವಾಗ ಒಂದು ಕ್ಷಣ ಚುರುಕ್ ಅನ್ನುತ್ತದೆ, ಆಮೇಲೆ ಏನೂ ಇಲ್ಲ. ಕೈಗೆ ಒಂದು ಮೆತ್ತನೆ ಚೆಂಡು ಕೊಡುತ್ತಾರೆ, ಅದನ್ನು ಅಮುಕಿ ಬಿಡುತ್ತಾ ಇರಬೇಕು. ಪಕ್ಕದಲ್ಲಿ ಚೀಲ ಅತ್ತಿತ್ತ ತೂಗುತ್ತಿರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯಲು ಒಳಗಿಟ್ಟಿರುವ ದ್ರಾವಣ ಅದರ ಜೊತೆ ಬೆರೆಯಲಿ ಅಂತ. 350ರ ಚೀಲದಲ್ಲಿ ಆ ದ್ರಾವಣ 49 ಮಿಲಿಲೀಟರ್ ಇರುತ್ತದಂತೆ. ಲೆಕ್ಕದವಳಾದ್ದರಿಂದ ಇಂಥವನ್ನೆಲ್ಲ ಕೇಳುತ್ತೇನೆ, ಸಿಬ್ಬಂದಿ ಬೇಸರ ಇಲ್ಲದೆ ಹೇಳುತ್ತಾರೆ. ಕೊಟ್ಟ ಮೇಲೆ ಹದಿನೈದು ನಿಮಿಷ ಕೂರಿಸಿ ಜ್ಯೂಸ್, ಬಿಸ್ಕತ್ತು ಕೊಡುತ್ತಾರೆ. ಹೋದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಹೆಂಗಸರಿಗೆ ನಾಲ್ಕು ತಿಂಗಳ ಬಿಡುವು ಇಟ್ಟಿರುವುದು ಸುಮ್ನೆ ಅಲ್ಲ.

ಆ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೂ ಪರೀಕ್ಷೆ ಮಾಡದೆ ಯಾರಿಗೂ ಹಾಕುವಂತಿಲ್ಲ. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ದುಡ್ಡಿಗೆ ರಕ್ತ ಮಾರುವವರಿದ್ದರು. 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ, 1998ರ ಜನವರಿಯಿಂದ ಅದಕ್ಕೆ ನಿಷೇಧ ಬಂತು. ಅಂದರೆ ಇವತ್ತು ಆಸ್ಪತ್ರೆಯಲ್ಲಿ ಸಿಗುವ ರಕ್ತ ಪೂರ್ತಿ ನಮ್ಮ ನಿಮ್ಮಂಥವರು ಪುಕ್ಕಟೆ ಕೊಟ್ಟದ್ದು. ಯಾರಿಗೆ ಹೋಯಿತು ಅಂತ ಕೊಟ್ಟವರಿಗೆ ಹೇಳುವುದಿಲ್ಲ, ಯಾರು ಕೊಟ್ಟರು ಅಂತ ತಗೊಂಡವರಿಗೆ ಗೊತ್ತಾಗುವುದಿಲ್ಲ. ಅತ್ತೆ ಒಮ್ಮೆ ಕೇಳಿದರು. "ಹರಕೆನೂ ಇಲ್ಲ, ನಿನಗೆ ಪುಣ್ಯದ ನಂಬಿಕೆನೂ ಇಲ್ಲ. ಮತ್ತೆ ಬಸ್ಸು ಹತ್ತಿ ಹೋಗಿ ಯಾಕಮ್ಮ ಕೊಡ್ತೀ?" ಹೆರಿಗೆಯಲ್ಲಿ ರಕ್ತ ಹೋಗಿ ಮಲಗಿರುವವಳಿಗೆ ರಕ್ತವೇ ಬೇಕು ಅತ್ತೆ, ಅದನ್ನು ಯಾವ ಫ್ಯಾಕ್ಟರಿಯಲ್ಲೂ ಮಾಡಲಿಕ್ಕೆ ಆಗುವುದಿಲ್ಲ, ನನ್ನ ಹತ್ತಿರ ಇದೆ ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದರೆ ಊಟ ಮಾಡಿಕೊಂಡು ಹೋಗು" ಅಂದರು. ಈಗ ನಾನು ಹೋಗುವ ದಿನ ರೊಟ್ಟಿ ಅವರೇ ತಟ್ಟುತ್ತಾರೆ.

ಇನ್ನು ಶಿಬಿರಗಳ ಬಗ್ಗೆ. ನಾನು ಹೋಗಿದ್ದ ಒಂದರಲ್ಲಿ ಅತಿಥಿ ಬರುವ ತನಕ ಯಾರ ರಕ್ತವನ್ನೂ ತೆಗೆಯಲಿಲ್ಲ. ದೀಪ ಬೆಳಗಬೇಕು, ಪ್ರಾರ್ಥನೆ ಆಗಬೇಕು, ಭಾಷಣ ಮುಗಿಯಬೇಕು. ಬೆಳಿಗ್ಗೆ ತಿಂಡಿ ತಿಂದು ಬಂದವರಿಗೆ ಮಧ್ಯಾಹ್ನದ ಹಸಿವು. ಹಸಿದ ಹೊಟ್ಟೆಯಲ್ಲಿ ಕೊಟ್ಟ ಒಬ್ಬ ಹುಡುಗ ಎದ್ದು ನಿಂತವನೇ ಕಣ್ಣು ಕತ್ತಲೆ ಬಂದು ಕುಸಿದು ಕೂತ. ಇನ್ನೊಂದು ಶಿಬಿರ ಒಂದು ಪ್ರಾರ್ಥನಾ ಮಂದಿರದ ಅಂಗಳದಲ್ಲಿತ್ತು. ಅಲ್ಲಿ ಯಾವ ಭಾಷಣವೂ ಇಲ್ಲ, ಬಂದವರನ್ನು ಬಂದ ಹಾಗೆ ಕರೆದರು, ಮನೆಯವರ ಹಾಗೆ ನೋಡಿಕೊಂಡರು. ಆದ್ದರಿಂದ ಧರ್ಮದವರು ನಡೆಸುತ್ತಾರೆ ಅನ್ನುವುದು ನನ್ನ ತಕರಾರು ಅಲ್ಲ. ತಕರಾರು ಇರುವುದು ದಿನಾಂಕದ ಬಗ್ಗೆ.

ಹೇಗೆ ಅಂದರೆ, ರಕ್ತ ಬಹಳ ದಿನ ಇರುವುದಿಲ್ಲ. ಫ್ರಿಜ್‌ನಲ್ಲಿಟ್ಟ ಇಡೀ ರಕ್ತಕ್ಕೆ 35 ದಿನ. ಕೆಂಪು ಕಣ ಬೇರೆ ಮಾಡಿ ಪೋಷಕ ದ್ರಾವಣದಲ್ಲಿಟ್ಟರೆ 42 ದಿನ. ಡೆಂಗಿ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್, ಅಂದರೆ ರಕ್ತಸ್ರಾವ ನಿಲ್ಲಿಸುವ ಕಣ, ಬರೀ 5 ದಿನ, ಅದೂ 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಲೇ ಇಡಬೇಕು. ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮಾತ್ರ ಮಂಜುಗಡ್ಡೆಯ ಹಾಗೆ ಗಟ್ಟಿ ಮಾಡಿಟ್ಟರೆ ವರ್ಷ ಬಾಳುತ್ತದೆ. ಜೂನ್ 14 ವಿಶ್ವ ರಕ್ತದಾನಿಗಳ ದಿನ, ರಕ್ತದ ಗುಂಪು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಹುಟ್ಟಿದ ದಿನ. ಅಕ್ಟೋಬರ್ 1 ನಮ್ಮ ದೇಶದ ಸ್ವಯಂಪ್ರೇರಿತ ರಕ್ತದಾನ ದಿನ. ಅವತ್ತೆಲ್ಲ ಶಿಬಿರಗಳು. ನಾಯಕರ ಹುಟ್ಟುಹಬ್ಬ, ಜಯಂತಿ, ಉತ್ಸವ, ಆಗಲೂ ಶಿಬಿರ. ಒಂದೇ ವಾರದಲ್ಲಿ ರಾಶಿ ರಾಶಿ ಬಂದ ರಕ್ತ ಮುಂದಿನ ಎರಡು ತಿಂಗಳಿಗೆ ಉಳಿಯುವುದಿಲ್ಲ. ಕೊಟ್ಟವರೂ ಮೂರು ನಾಲ್ಕು ತಿಂಗಳು ಮತ್ತೆ ಕೊಡುವ ಹಾಗಿಲ್ಲ.

ಈಗ ನಮ್ಮ ಕೊಡಗಿನ ಮಳೆಗಾಲ ಯೋಚಿಸಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ. ಆ ತಿಂಗಳಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು ಅಂತ ಮದ್ದುಸೊಪ್ಪಿನ ಪಾಯಸ ಮಾಡಿ ತಿನ್ನುವುದು ಬಿಟ್ಟರೆ ಜನ ಮನೆಯಿಂದ ಹೊರಗೆ ಬರುವುದೇ ಕಡಿಮೆ. ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ, ಶಾಲೆಗೆ ರಜೆ. ಇಂಥ ಹೊತ್ತಲ್ಲಿ ಶಿಬಿರ ಯಾರು ಮಾಡುತ್ತಾರೆ? ಆದರೆ ಹೆರಿಗೆಗಳು ಕಕ್ಕಡ ಅಂತ ನಿಲ್ಲುವುದಿಲ್ಲ. ಜಾರುವ ರಸ್ತೆಯ ಅಪಘಾತ, ಮರದಿಂದ ಬಿದ್ದವರು, ತೋಟದಲ್ಲಿ ಆನೆ ತುಳಿತಕ್ಕೆ ಸಿಕ್ಕವರು, ಇವರಿಗೆಲ್ಲ ಆ ತಿಂಗಳೂ ರಕ್ತ ಬೇಕು. ಮುಹೂರ್ತ ನೋಡದವರು, ಒಳ್ಳೆ ದಿನ ಕೆಟ್ಟ ದಿನ ಅಂತ ಇಲ್ಲದವರು ನಾವು. ನಮ್ಮ ಪಾಳಿ ಆ ತಿಂಗಳಲ್ಲಿ ಇರಲಿ ಅನ್ನುವುದು ನನ್ನ ಆಸೆ. ನನ್ನದನ್ನು ನಾನು ಹಾಗೇ ಹೊಂದಿಸಿಕೊಂಡಿದ್ದೇನೆ: ಮಾರ್ಚ್ ಕೊನೆ, ಜುಲೈ ಕೊನೆ, ನವೆಂಬರ್ ಕೊನೆ.

ವಾಟ್ಸಾಪ್ ಬಗ್ಗೆ ಒಂದು ಮಾತು. "ತುರ್ತಾಗಿ ಒ ನೆಗೆಟಿವ್ ಬೇಕು" ಅನ್ನುವ ಮೆಸೇಜುಗಳು ತಾರೀಕು ಇಲ್ಲದೆ ತಿಂಗಳುಗಟ್ಟಲೆ ಸುತ್ತುತ್ತವೆ. ನಾನು ಫಾರ್ವರ್ಡ್ ಮಾಡುವ ಮೊದಲು ಅದರಲ್ಲಿರುವ ನಂಬರಿಗೆ ಫೋನ್ ಮಾಡುತ್ತೇನೆ. ಒಮ್ಮೆ ಫೋನ್ ಎತ್ತಿದವರು ರೋಗಿಯ ತಮ್ಮ. ಅಣ್ಣ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಆದರೂ ದಿನಾ ಕರೆ ಬರುತ್ತಿದ್ದವು. ದಯವಿಟ್ಟು ಕೇಳದೆ ಕಳಿಸಬೇಡಿ.

ಇಂಥದ್ದೇ ಇನ್ನೊಂದು ಕೆಲಸ ನೇತ್ರದಾನ. ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು 2021ರಲ್ಲಿ ನಾಲ್ಕು ಜನರಿಗೆ ದೃಷ್ಟಿ ಕೊಟ್ಟವು ಅಂತ ಓದಿದ ಮೇಲೆ ನಾನೂ ಹೆಸರು ಬರೆಸಿದೆ. ಸತ್ತ ಆರು ಗಂಟೆಯೊಳಗೆ ತೆಗೆಯಬೇಕು, ಹಾಗಾಗಿ ಕಾರ್ಡಿಗಿಂತ ಮನೆಯವರಿಗೆ ಹೇಳಿಡುವುದು ಮುಖ್ಯ. ಅತ್ತೆ ಇದಕ್ಕೆ ಇನ್ನೂ ಒಪ್ಪಿಲ್ಲ. ಮುಂದಿನ ಜನ್ಮದಲ್ಲಿ ಕುರುಡಿ ಆಗ್ತೀ ಅನ್ನುತ್ತಾರೆ. ಗಂಡ, ಮಗಳು ಒಪ್ಪಿದ್ದಾರೆ.

ಅಂಕ ಕೊಡುವುದಾದರೆ ಸಿಬ್ಬಂದಿಗೆ ಐದಕ್ಕೆ ಐದು, ಒಟ್ಟು ಸೇವೆಗೆ ನಾಲ್ಕೂವರೆ. ಅರ್ಧ ಕಳೆದದ್ದು ದೂರಕ್ಕೆ. ಕುಟ್ಟ, ಶನಿವಾರಸಂತೆ ಕಡೆಯವರಿಗೆ ಮಡಿಕೇರಿ ಅಂದರೆ ಒಂದು ದಿನದ ಕೂಲಿ ಹೋದ ಹಾಗೆ. ಅವರಿಗೆ ಶಿಬಿರವೇ ಬೇಕು, ಅದೂ ಮಳೆಗಾಲದಲ್ಲೂ ನಡೆಯುವಂಥದ್ದು ಬೇಕು. ಮುಂದಿನ ಕಕ್ಕಡಕ್ಕೆ ನಮ್ಮ ವರ್ಕ್ಸ್‌ನ ಗೋದಾಮಿನಲ್ಲಿ ಒಂದು ಇಡೋಣ ಅಂತ ಮಾಲೀಕರನ್ನು ಕೇಳಿದ್ದೇನೆ. ಜಾಗ ಕೊಡುತ್ತೇನೆ ಅಂದಿದ್ದಾರೆ, ಜನರೇಟರ್ ಇದೆ. ರಕ್ತನಿಧಿಯವರೂ ಬರುತ್ತೇವೆ ಅಂದಿದ್ದಾರೆ. ಭಾಷಣ ಇರುವುದಿಲ್ಲ, ಊಟ ಇರುತ್ತದೆ. ಕುಶಾಲನಗರದ ಸುತ್ತಮುತ್ತಲಿನವರು ಜುಲೈಗೆ ನಾಲ್ಕು ತಿಂಗಳು ತುಂಬುವ ಹಾಗೆ ನಿಮ್ಮ ಲೆಕ್ಕ ನೋಡಿಕೊಳ್ಳಿ.