ಪೋಸ್ಟ್‌ಗ್ರೆಸ್ ಕೈಪಿಡಿ: ಲಿನಕ್ಸ್‌ಗೆ ಗಟ್ಟಿ, ವಿಂಡೋಸ್‌ಗೆ ತೆಳು

ಪೋಸ್ಟ್‌ಗ್ರೆಸ್‌ಕ್ಯುಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ತಂತ್ರಾಂಶದ ಅಧಿಕೃತ ಕೈಪಿಡಿ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಡೇಟಾಬೇಸ್‌ನೊಡನೆ ವ್ಯವಹರಿಸುವ ಭಾಷೆಯಾದ ಎಸ್‌ಕ್ಯುಎಲ್‌ನ ಭಾಗವನ್ನು ಯಾವ ಆಪರೇಟಿಂಗ್ ಸಿಸ್ಟಂ ಮುಂದೆ ಕೂತು ಓದಿದರೂ ಒಂದೇ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಸರ್ವರ್ ನೋಡಿಕೊಳ್ಳುವವರು ತಡವರಿಸುವುದು ಸರ್ವರ್ ಆಡಳಿತದ ಅಧ್ಯಾಯಗಳಲ್ಲಿ.

ಮೊದಲ ತೊಡಕು ಫೋಲ್ಡರುಗಳದ್ದು. ಉದಾಹರಣೆಗಳಲ್ಲಿ ಬರುವುದು /ಯುಎಸ್‌ಆರ್/ಲೋಕಲ್ ಅಡಿಯ ಡೇಟಾ ಫೋಲ್ಡರ್, ಅಂದರೆ ಸೋರ್ಸ್ ಕೋಡ್‌ನಿಂದ ತಾವೇ ಕಂಪೈಲ್ ಮಾಡಿಕೊಂಡವರ ಜಾಗ. ಹಾಗೆ ಮಾಡುವವರು ಈಗ ಎಷ್ಟು ಜನ? ಲಿನಕ್ಸ್‌ನ ಡೆಬಿಯನ್, ಉಬುಂಟು ಆವೃತ್ತಿಗಳ ಪ್ಯಾಕೇಜುಗಳು ಡೇಟಾವನ್ನು /ವಿಎಆರ್/ಲಿಬ್ ಅಡಿಯಲ್ಲಿ, ಕಾನ್ಫಿಗ್ (ಸೆಟ್ಟಿಂಗ್) ಫೈಲುಗಳನ್ನು ಬೇರೆಯೇ ಆಗಿ /ಇಟಿಸಿ ಅಡಿಯಲ್ಲಿ ಇಡುತ್ತವೆ. ರೆಡ್‌ಹ್ಯಾಟ್ ಬಳಗದಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ವಿಂಡೋಸ್ ಇನ್‌ಸ್ಟಾಲರ್ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕುತ್ತದೆ. ಸರ್ವಿಸ್ ಹೆಸರೂ ಒಂದೊಂದು ಕಡೆ ಒಂದೊಂದು. ಕೈಪಿಡಿ ಇದನ್ನೆಲ್ಲ ಪ್ಯಾಕೇಜ್ ಮಾಡಿದವರ ಪಾಲಿಗೆ ಬಿಟ್ಟಿದೆ.

ಇದಕ್ಕೆ ಔಷಧಿ ಸರ್ವರ್ ಒಳಗೇ ಇದೆ. ಸೂಪರ್‌ಯೂಸರ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಪಿಎಸ್‌ಕ್ಯುಎಲ್ ಎಂಬ ಕಮಾಂಡ್ ಪ್ರೋಗ್ರಾಂನಲ್ಲಿ ಶೋ ಕಾನ್ಫಿಗ್_ಫೈಲ್, ಶೋ ಎಚ್‌ಬಿಎ_ಫೈಲ್ (ಯಾರು ಸಂಪರ್ಕಿಸಬಹುದು ಎಂಬ ನಿಯಮಗಳ ಫೈಲ್), ಶೋ ಡೇಟಾ_ಡೈರೆಕ್ಟರಿ ಎಂದು ಕೊಟ್ಟರೆ ಎಲ್ಲ ಸಿಸ್ಟಂಗಳಲ್ಲೂ ನಿಜವಾದ ಪಾತ್ ಸಿಗುತ್ತದೆ. ಆಡಳಿತ ಭಾಗದ ಮೊದಲ ಪುಟದಲ್ಲೇ ಇರಬೇಕಾದ ಈ ಮೂರು ಸಾಲುಗಳು ಸೆಟ್ಟಿಂಗುಗಳ ಪಟ್ಟಿಯಲ್ಲಿ ಹುದುಗಿಹೋಗಿವೆ. ಸರ್ವರ್ ಏಳದೇ ಇದ್ದರೆ ಡೆಬಿಯನ್‌ನಲ್ಲಿ ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್ ಕಮಾಂಡ್ ಡೇಟಾ ಫೋಲ್ಡರ್ ಎಲ್ಲಿದೆ ಎಂಬುದನ್ನಾದರೂ ತೋರಿಸುತ್ತದೆ.

ಕೈಪಿಡಿ ಮಿಂಚುವುದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸಂಪನ್ಮೂಲಗಳ ವಿಭಾಗದಲ್ಲಿ. ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ರಿಮೂವ್‌ಐಪಿಸಿ ಸೆಟ್ಟಿಂಗ್ ವಿಷಯ ನೋಡಿ: ಸರ್ವರ್ ಓಡಿಸುವ ಖಾತೆ ಸಿಸ್ಟಂ ಖಾತೆಯಲ್ಲದಿದ್ದರೆ, ಆ ಹೆಸರಿನಲ್ಲಿ ಲಾಗಿನ್ ಆದವರು ಹೊರಬಿದ್ದ ಕೂಡಲೇ ಶೇರ್ಡ್ ಮೆಮೊರಿ (ಸರ್ವರಿನ ಪ್ರೋಸೆಸ್‌ಗಳು ಹಂಚಿಕೊಳ್ಳುವ ಮೆಮೊರಿ) ಅಳಿಸಿಹೋಗಿ ಸರ್ವರ್ ಕುಸಿಯಬಹುದು. ಯಾಕೆ ಆಗುತ್ತದೆ, ಲಾಗ್‌ನಲ್ಲಿ ಯಾವ ಸಾಲು ಕಾಣುತ್ತದೆ, ಸಿಸ್ಟಂಡಿಯ ಲಾಗಿನ್ ಭಾಗವಾದ ಲಾಗಿನ್‌ಡಿಯ ಕಾನ್ಫಿಗ್‌ನಲ್ಲಿ ಏನು ಬದಲಿಸಬೇಕು, ಪ್ಯಾಕೇಜ್ ಬಳಸುವವರಿಗೆ ಸಾಮಾನ್ಯವಾಗಿ ಈ ಕಾಟ ಯಾಕಿಲ್ಲ, ನಾಲ್ಕೂ ಒಂದೇ ಕಡೆ ಇವೆ. ಡಾಕ್ಯುಮೆಂಟೇಷನ್ ಅಂದರೆ ಹೀಗಿರಬೇಕು.

ವಿಂಡೋಸ್ ಬಂದಾಗ ಆ ಕಾಳಜಿ ಕಾಣುವುದಿಲ್ಲ. ವಾಲ್ ಫೈಲುಗಳನ್ನು (ಡೇಟಾದ ಬದಲಾವಣೆಗಳ ದಾಖಲೆ) ಬೇರೆಡೆ ನಕಲಿಸಿಡುವ ಆರ್ಕೈವ್_ಕಮಾಂಡ್ ಸೆಟ್ಟಿಂಗ್‌ಗೆ ಎರಡು ಉದಾಹರಣೆ ಕೊಟ್ಟಿದ್ದಾರೆ. ಯುನಿಕ್ಸ್ ಸಾಲು ಆ ಹೆಸರಿನ ಫೈಲ್ ಮೊದಲೇ ಇದೆಯೇ ಎಂದು ನೋಡಿಯೇ ನಕಲು ಮಾಡುತ್ತದೆ. ವಿಂಡೋಸ್ ಸಾಲು ಬರಿಯ ಕಾಪಿ. ಹಳೆಯ ಆರ್ಕೈವ್ ಫೈಲಿನ ಮೇಲೆ ಬರೆಯಬಾರದು ಎಂದು ಬುದ್ಧಿ ಹೇಳುವ ಅದೇ ವಿಭಾಗದಲ್ಲೇ ಇದು! ಪಾತ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಎರಡೆರಡು ಯಾಕೆ ಎಂಬ ವಿವರಣೆಯೂ ಪಕ್ಕದಲ್ಲಿಲ್ಲ. ಒಂದೇ ಹಾಕಿದರೆ ಕಾನ್ಫಿಗ್ ಓದುವಾಗ ಅದು ಮಾಯವಾಗಿ ಫೋಲ್ಡರುಗಳ ಹೆಸರೆಲ್ಲ ಅಂಟಿಕೊಳ್ಳುತ್ತವೆ. ಫೈಲ್ ಮೊದಲೇ ಇದೆಯೇ ಎಂಬ ತಪಾಸಣೆಯನ್ನು ಬ್ಯಾಚ್ ಫೈಲಿನಲ್ಲಿ ಬರೆದುಕೊಳ್ಳುವುದು ಮೇಲು. ಫೈಲ್ ಇದ್ದರೆ ಸುಮ್ಮನೆ ದಾಟಿಸಬೇಡಿ, ಎಕ್ಸಿಟ್ ಕೋಡ್ 1 (ವಿಫಲವಾಯಿತು ಎಂಬ ಸೂಚನೆ) ಕೊಡಿ. 0 ಹಿಂತಿರುಗಿದರೆ ಆರ್ಕೈವ್ ಆಯಿತೆಂದು ನಂಬಿ ಸರ್ವರ್ ಆ ವಾಲ್ ಫೈಲನ್ನು ಅಳಿಸಬಹುದು ಇಲ್ಲವೇ ಮರುಬಳಕೆ ಮಾಡಬಹುದು.

ಪಾಸ್‌ವರ್ಡ್ ಫೈಲಿನ ಪುಟ ಪರವಾಗಿಲ್ಲ: ಯುನಿಕ್ಸ್‌ನ ಹೋಂ ಫೋಲ್ಡರ್, 0600 ಅನುಮತಿ (ಮಾಲೀಕರು ಮಾತ್ರ ಓದಿ ಬರೆಯಬಹುದು), ವಿಂಡೋಸ್‌ನ ಆಪ್‌ಡೇಟಾ ಎಲ್ಲ ಬರುತ್ತದೆ. ಮ್ಯಾಕ್‌ನಲ್ಲಿ ಹೋಂಬ್ರೂ ಎಂಬ ಪ್ಯಾಕೇಜ್ ಮ್ಯಾನೇಜರ್ ಬಳಸುವವರಿಗೆ ಮಾತ್ರ ಒಂದು ಎಚ್ಚರಿಕೆ: ಅಲ್ಲಿ ಸೂಪರ್‌ಯೂಸರ್‌ಗೆ ನಿಮ್ಮ ಲಾಗಿನ್ ಹೆಸರೇ ಇರುತ್ತದೆ, ‘ಪೋಸ್ಟ್‌ಗ್ರೆಸ್’ ರೋಲ್ (ಡೇಟಾಬೇಸ್ ಬಳಕೆದಾರ) ಇಲ್ಲ ಎಂಬ ಎರರ್ ಬಂದರೆ ಗಾಬರಿ ಬೇಡ.

ಒಂದೊಂದು ಆಪರೇಟಿಂಗ್ ಸಿಸ್ಟಂಗೂ ಬೇರೆಬೇರೆಯಾಗಿ ಹೇಳುವ ವಿಷಯದಲ್ಲಿ ಮೈಎಸ್‌ಕ್ಯುಎಲ್ ಎಂಬ ಇನ್ನೊಂದು ಡೇಟಾಬೇಸ್‌ನ ಕೈಪಿಡಿ ಮುಂದಿದೆ. ಆಪ್ಷನ್ (ಸೆಟ್ಟಿಂಗ್) ಫೈಲುಗಳನ್ನು ಸರ್ವರ್ ಯಾವ ಕ್ರಮದಲ್ಲಿ ಓದುತ್ತದೆ ಎಂಬುದಕ್ಕೆ ವಿಂಡೋಸ್‌ಗೊಂದು, ಯುನಿಕ್ಸ್‌ಗೊಂದು ಪಟ್ಟಿ ಇದೆ. ಟೇಬಲ್ ಹೆಸರಿನ ದೊಡ್ಡ-ಸಣ್ಣ ಅಕ್ಷರಭೇದದ ಸೆಟ್ಟಿಂಗ್ ಲಿನಕ್ಸ್‌ನಲ್ಲಿ 0 (ಭೇದ ಎಣಿಸುತ್ತದೆ), ವಿಂಡೋಸ್‌ನಲ್ಲಿ 1, ಮ್ಯಾಕ್‌ನಲ್ಲಿ 2 (ಇವೆರಡರಲ್ಲೂ ಎಣಿಸುವುದಿಲ್ಲ) ಎಂದು ಮೂರನ್ನೂ ಒಟ್ಟಿಗೆ ಹೇಳುತ್ತದೆ. 8.0ರಿಂದ ಈಚೆಗೆ ಸರ್ವರ್ ಇನಿಷಿಯಲೈಸ್ ಆದ ಮೇಲೆ ಇದನ್ನು ಬದಲಿಸಲಾಗದು. ಹಾಗಾಗಿ ವಿಂಡೋಸ್‌ನಲ್ಲಿ ಬರೆದ ಅಪ್ಲಿಕೇಷನ್ ಲಿನಕ್ಸ್‌ಗೆ ಹೋಗುವುದಿದ್ದರೆ, ಲಿನಕ್ಸ್ ಸರ್ವರಿನ ಡೇಟಾ ಫೋಲ್ಡರ್ ಸೃಷ್ಟಿಸುವ ಮೊದಲೇ ಅಲ್ಲಿಯೂ 1 ಎಂದು ಹಾಕಿಕೊಳ್ಳಿ.